ಎಂ.ಎ. ಸಾರು

ಶಿರಸಿ
೧೦ ಜೂನ್ ೨೦೦೧

ಪ್ರೀತಿಯ ಇವರಿಗೆ,

‘ನಗುವಾಗ ಮನೆಯೆಲ್ಲ ಒಂದೇ’ ಎಂದೇನೋ ಒಂದು ಸಾಲು ಬೆಳಿಗ್ಗೆಯಿಂದ ನಾಲಿಗೆಯ ಮೇಲಿದೆ. ಮುಂದಿನದು ಮರೆತಿದೆ. ನಿಜವಾಗಿ ಒಂದೇ ಹೌದೇ ಎಂದು ಕೇಳಿಕೊಳ್ಳುತ್ತ ಬರೆಯಲು ಕೂತೆ. ತಡವಾಯಿತು, ಬೇಸರ ಬೇಡ. ಫೋನಿನಲ್ಲಿ ಹೇಳಹೊರಟರೆ ನೀವು ನಗಿಸಿಬಿಡುತ್ತೀರಿ, ನನ್ನ ಮಾತು ಅಲ್ಲೇ ಉಳಿಯುತ್ತದೆ. ಭಾವನವರ ಮಂಡಿಯ ಆಪರೇಶನ್ ಸುಸೂತ್ರವಾಯಿತೆಂದು ಕೇಳಿ ನೆಮ್ಮದಿ. ಪುಣೆಯ ಚಪಾತಿಗೆ ನಿಮ್ಮ ಹೊಟ್ಟೆ ಹೊಂದಿಕೊಂಡಿತೇ?

ಮೊನ್ನೆ ಮಂಚಿಕೇರಿಯ ಮದುವೆಗೆ ಒಬ್ಬಳೇ ಹೋಗಿದ್ದೆ. ಪಂಕ್ತಿಯಲ್ಲಿ ನೀವಿಲ್ಲದ್ದು ಎಲ್ಲರಿಗೂ ಕೊರತೆ. ‘ನಮ್ಮನೆಯವಳ ಎಂ.ಎ. ಪುಸ್ತಕದಲ್ಲಿ ಸಾರಿಗೆ ಉಪ್ಪು ಹಾಕುವ ಪಾಠ ಇರಲಿಲ್ಲ’ ಎಂದು ನೀವು ಹೇಳದೆ ಹೋಳಿಗೆ ಯಾರಿಗೆ ರುಚಿಸುತ್ತದೆ? ಆದರೆ ಆ ಕಥೆಗೆ ಈಗ ನೀವೂ ಬೇಕಾಗಿಲ್ಲ. ಬಡಿಸುತ್ತ ಬಂದವರೊಬ್ಬರು ಸೌಟು ಎತ್ತಿ, “ಇದು ಎಂ.ಎ. ಸಾರಲ್ಲ, ಉಪ್ಪು ಹಾಕಿದ್ದು! ಧೈರ್ಯದಲ್ಲಿ ಹಾಕ್ಸ್ಕಳಿ!” ಎಂದು ಕೂಗಿದರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹಾಕಿಸಿಕೊಂಡೆ. ಚೆನ್ನಾಗಿತ್ತು.

ಪಕ್ಕದಲ್ಲಿ ಹೇರೂರಿನ ನಿಮ್ಮ ತಮ್ಮ ರಘುಪತಿಯ ಮಗಳು ಸ್ಫೂರ್ತಿ ಕೂತಿದ್ದಳು. ಬಿ.ಎ.ಯಲ್ಲಿ ಕಾಲೇಜಿಗೇ ಮೊದಲು ಬಂದವಳು. ಧಾರವಾಡಕ್ಕೆ ಎಂ.ಎ. ಓದಲು ಹೋಗುವ ಆಸೆ. ಕೈತೊಳೆಯುವಲ್ಲಿ ರಘುಪತಿಯನ್ನು ಹಿಡಿದು, “ಕೂಸಿನ್ನ ಯಾವಾಗ ಕಳಸ್ತೆ?” ಎಂದು ಕೇಳಿದೆ.

“ನಮ್ಮ ಕುಟುಂಬಕ್ಕೆ ಒಂದು ಎಂ.ಎ. ಸಾರು ಸಾಕು ಅತ್ತಿಗೆ!”

ಸುತ್ತಲಿದ್ದವರು ನಕ್ಕರು. ಅವನಿಗೇ ಒಂಥರಾ ಆಗಿರಬೇಕು, “ತಮಾಷೆಗೆ ಹೇಳಿದ್ದು, ಬೇಜಾರ್ ಮಾಡ್ಕಳಡ. ಆದ್ರೆ ಗಂಡಿನ ಕಡೆಯವು ಕೇಳದು ಅಡಿಗೆ ಬತ್ತಾ ಹೇಳಿ, ಅಲ್ದಾ?” ಎಂದ. ಕೆಟ್ಟವನಲ್ಲ ಅವನು, ನಿಮಗೆ ಗೊತ್ತು. ಸ್ಫೂರ್ತಿಯೂ ಎಲ್ಲರ ಜೊತೆ ನಕ್ಕಳು. ಆಮೇಲೆ ಚಪ್ಪಲಿ ಹುಡುಕುವ ನೆಪದಲ್ಲಿ ನನ್ನ ಹತ್ತಿರ ಬಂದು, “ದೊಡ್ಡಾಯಿ, ದೊಡ್ಡಪ್ಪ ಒಂದು ಮಾತು ಹೇಳಿದ್ರೆ ಅಪ್ಪ ಕೇಳ್ತ. ಹೇಳ್ತ್ನಾ?” ಎಂದಳು. ಕಣ್ಣು ಕೆಂಪಾಗಿತ್ತು.

ಅದಕ್ಕೇ ಈ ಕಾಗದ. ತಿಂಗಳ ಕೊನೆಗೆ ಧಾರವಾಡದಲ್ಲಿ ಸೇರುವ ಅವಧಿ ಮುಗಿಯುತ್ತದೆ. ತಮ್ಮನಿಗೆ ನೀವೇ ಬರೆಯಿರಿ. ನಿಮ್ಮ ಕಥೆ ನನ್ನೊಬ್ಬಳ ಮೇಲಿದ್ದಷ್ಟು ದಿನ ತಮಾಷೆಯಾಗಿತ್ತು, ಈಗ ಒಬ್ಬ ಹುಡುಗಿಯ ದಾರಿಗೆ ಅಡ್ಡ ನಿಂತಿದೆ. ನೀವು ನಗಿಸದ ಮನೆ ನನಗೂ ಬೇಡ. ಬಂದ ಮೇಲೆ ಬೇರೆ ಯಾವುದನ್ನಾದರೂ ಹೇಳಿ ನಗಿಸಿ.

ಭಾವ, ಅಕ್ಕನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಮಾತ್ರೆ ತಪ್ಪಿಸಬೇಡಿ.

ನಿಮ್ಮ
ಜಯಾ

ತಾ.ಕ.: ಆ ಸಾರು ನಾನು ಮಾಡಿದ್ದಲ್ಲ, ನೆನಪಿದೆಯೇ? ಮದುವೆಯಾದ ಹೊಸತು. ನಿಮ್ಮ ಆಫೀಸಿನವರು ಊಟಕ್ಕೆ ಬಂದಿದ್ದರು. ನಾನು ಮುಟ್ಟಾಗಿ ಹೊರಗೆ ಕೂತಿದ್ದೆ, ಒಲೆಯ ಮುಂದೆ ನೀವು, ಉಪ್ಪು ಮರೆತವರೂ ನೀವೇ. ನಾನು ಹೊರಗಿರುವುದನ್ನು ಬಂದವರೆದುರು ಹೇಳಲು ನಾಚಿ, ‘ಅಡಿಗೆ ಅವಳದ್ದೇ, ಈಗ ಜ್ವರ ಬಂದು ಮಲಗಿದ್ದಾಳೆ’ ಎಂದಿರಿ. ಗೋಡೆಯಾಚೆ ನನಗೆಲ್ಲ ಕೇಳಿಸಿತು. ನನ್ನ ಮಾನ ಕಾದಿರೆಂದು ಆಗ ಪ್ರೀತಿಯೇ ಉಕ್ಕಿತ್ತು. ಹೇಳುತ್ತ ಹೇಳುತ್ತ ನೀವೇ ಅದನ್ನು ನಿಜವೆಂದು ನಂಬಿದಿರಲ್ಲ, ನೋವು ಅದು.

ಇಷ್ಟು ಬರೆಯುವಾಗ ಪಕ್ಕದ ಮನೆ ದೇವಕ್ಕ ಹಾಲಿಗೆ ಹೆಪ್ಪು ಕೇಳಿಕೊಂಡು ಬಂದಳು. ಸ್ಫೂರ್ತಿಯ ಸಂಗತಿ ಹೇಳಿದೆ. ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಳು.

“ಆನು ಓದಿದ್ದು ನಾಲ್ಕನೇ ಕ್ಲಾಸು. ಯನ್ನ ಸಾರಿಗೂ ಎಷ್ಟೋ ಸಲ ಉಪ್ಪು ಮರೆತು ಹೋಜು. ಅದ್ಕೆ ನಾಲ್ಕನೇ ಕ್ಲಾಸಿನ ಸಾರು ಹೇಳಿ ಯಾರೂ ಹೆಸರಿಟ್ಟಿದ್ವಿಲ್ಲೆ, ಮಾರಾಯ್ತಿ.”