ಸ್ಥಳದೇವರು ಮುಂದೆಯೇ ಇರಲಿ

ಬ್ಯಾಂಕಾಕ್

ಗೌರವಾನ್ವಿತ ಖುನ್ ಸುಪಾನೀ ಅವರಿಗೆ,

ನಾವೂ ಅಪಾರ್ಟ್‌ಮೆಂಟ್ ನಿವಾಸಿಗಳೂ ಕೂಡಿ ರೂಪಿಸಿದ ಐಷಾರಾಮಿ ಲಾಬಿಯ ನಕ್ಷೆಗೆ ನಾನಿನ್ನೂ ಸಹಿ ಹಾಕಿಲ್ಲ. ಅಮೃತಶಿಲೆಯ ಬಗ್ಗೆ ನನ್ನ ತಕರಾರಿಲ್ಲ. ಗಾಜಿನಾಚೆಯ ನೋಟ ಕೆಡುತ್ತದೆಂದು ಮುಂಬಾಗಿಲ ಬಳಿಯ ಸ್ಥಳದೇವರ ಗುಡಿಯನ್ನು ಹಿತ್ತಲಿಗೆ ಸಾಗಿಸುವುದು ಮಾತ್ರ ಬೇಡ.

ದೇವರಿಲ್ಲವೆಂದು ಕರಪತ್ರ ಹಂಚಿದವಳು ನಾನೇ, ನೀವು ನಗಬಹುದು. ಆದರೆ ಕೆಲಸದವರನ್ನು ಮುಂಬಾಗಿಲಲ್ಲಿ ಬಿಡುವುದು, ಬೆಳಿಗ್ಗೆ ಆ ಗುಡಿಗೆ ಕೈಮುಗಿದು ಬರುತ್ತಾರೆಂಬ ಒಂದೇ ಕಾರಣಕ್ಕೆ. ಕಸ ಗುಡಿಸುವ ಲಮಯ್ ದೊಡ್ಡಮ್ಮ ನಕ್ಷೆ ನೋಡಿ, "ದೇವರೇ ಹಿತ್ತಲಿಗೆ ಹೋದ್ರೆ ನಮ್ಮನ್ನ ಮುಂದೆ ಯಾರು ಬಿಡ್ತಾರೆ ಮಗಳೇ? ಆತನಿಗಾದ್ರೆ ಅಲ್ಲೂ ನೈವೇದ್ಯದ ಕೆಂಪು ಸೋಡಾ ಸಿಗುತ್ತೆ," ಎಂದರು.

ದಯವಿಟ್ಟು ಗುಡಿಯನ್ನು ಇದ್ದಲ್ಲೇ ಉಳಿಸಿ. ಸಮಾನತೆಯ ಮಾತೆತ್ತಿದರೆ ನಿವಾಸಿಗಳ ಸಮಿತಿಯವರು ಒಪ್ಪುವುದಿಲ್ಲ. ದಾರಿನ್ ದೇವರಿಗೆ ಹೆದರುತ್ತಾಳೆ ಎಂದು ಹೇಳಿಬಿಡಿ. ನಾನು ಇಲ್ಲವೆನ್ನುವುದಿಲ್ಲ.

ನಿಮ್ಮ ಕಿರಿಯ ವಿನ್ಯಾಸಕಿ,
ದಾರಿನ್