ಬೂದು ಬಣ್ಣದಲ್ಲಿ ತಾವು ಕಂಡ ದಂಗೆ

ಸಂಸ್ಕೃತಿ ಇಲಾಖೆಯ ಮಾನ್ಯ ಅಧಿಕಾರಿಗಳೇ,

ಸಾರ್ವಜನಿಕ ಗ್ರಂಥಾಲಯದ ಗೋಡೆಯಿಂದ ನನ್ನ ಚಿತ್ರವನ್ನು ಕಳೆದ ಸೋಮವಾರ ಇಳಿಸಿದಿರಿ. ಕಾರಣ ಕೇಳಿದ್ದಕ್ಕೆ ನಾಲ್ಕು ಪುಟಗಳ ಪತ್ರ ಬಂತು. ಬೂದು ಬಣ್ಣವೆಂದರೆ ಆಡಳಿತದ ಮೇಲಿನ ಅಪನಂಬಿಕೆಯಂತೆ. ಎಡಗಡೆಯ ಕೆಂಪು ಚುಕ್ಕೆ ದಂಗೆಗೆ ಕರೆಯಂತೆ. ಚುಕ್ಕೆ ಬಲಗಡೆ ಇದ್ದಿದ್ದರೆ ಸನ್ಮಾನ ಮಾಡುತ್ತಿದ್ದಿರೇನೋ! ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದವಳು ನಾನು. ಎರಡು ಮೊಳ ಬಟ್ಟೆಯಲ್ಲಿ ಇಷ್ಟೊಂದು ರಾಜಕೀಯ ಹಿಡಿಸುತ್ತದೆಂದು ನನಗೇ ಗೊತ್ತಿರಲಿಲ್ಲ.

ನಡೆದದ್ದು ಇಷ್ಟು. ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆಸರು ಬರೆಸಿದರೆ, "ಮುಂದಿನ ತಿಂಗಳು ಬನ್ನಿ" ಎಂದರು. ಆ ಮುಂದಿನ ತಿಂಗಳು ಬರಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಪೊರೆ ಬಲಿತು, ಒತ್ತಡ ಏರಿ ಕಣ್ಣಿನ ನರವೇ ಕೆಟ್ಟಿತ್ತು.

"ಈಗ ಏನ್ ಕಾಣ್ಸುತ್ತಮ್ಮಾ?" ಎಂದು ಒಂದು ದಿನ ಕೇಳಿದೆ.

"ಒದ್ದೆ ಬಟ್ಟೆ ಕಣ್ಮುಂದೆ ನೇತುಹಾಕ್ದಂಗಿದೆ ಕಣೇ. ಎಡಗಡೆ ಒಂಚೂರು ಕೆಂಪು. ಅದು ನೀನಾ?"

ಹೌದು, ನಾನೇ. ಕೆಂಪು ಸ್ವೆಟರ್ ಹಾಕಿಕೊಂಡಿದ್ದೆ. ತಮ್ಮ ದಂಗೆಯ ಕರೆ ಅದು. ಅಮ್ಮ ಹೇಳಿದಂತೆಯೇ ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದೆ. ಗ್ರಂಥಪಾಲಕಿ ಮೆಚ್ಚಿ ಓದುವ ಕೋಣೆಯಲ್ಲಿ ತೂಗುಹಾಕಿದರು. ಈಗ ಅಮ್ಮನಿಗೆ ಆ ಕೆಂಪೂ ಕಾಣುವುದಿಲ್ಲ.

ಇದನ್ನೆಲ್ಲ ತಮ್ಮ ಕಚೇರಿಗೆ ಬಂದು ಹೇಳಿದೆ. ತಾವು ಕನ್ನಡಕ ಒರೆಸಿಕೊಳ್ಳುತ್ತ, "ನೋಡಿಮ್ಮಾ, ನೀವೇನ್ ಬರ್ದ್ರಿ ಅನ್ನೋದು ಮುಖ್ಯ ಅಲ್ಲ. ಜನ ಏನ್ ತಿಳ್ಕೋತಾರೆ ಅನ್ನೋದು ಮುಖ್ಯ" ಎಂದಿರಿ. ಯಾವ ಜನ ಸ್ವಾಮಿ? ಐದು ತಿಂಗಳು ಅದರ ಕೆಳಗೆ ಕೂತು ಪತ್ರಿಕೆ ಓದಿದವರಲ್ಲಿ ಒಬ್ಬರಾದರೂ ದಂಗೆ ಎದ್ದರೇ? ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು "ಮಂಜು ಚೆನ್ನಾಗಿ ಬಂದಿದೆ" ಎಂದದ್ದುಂಟು. ಅವರ ಮೇಲೂ ಒಂದು ಕಣ್ಣಿಡಿ.

ಮನೆಗೆ ಬಂದು ತಮ್ಮ ಪತ್ರವನ್ನು ಅಮ್ಮನಿಗೆ ಓದಿದೆ. ನಗುತ್ತಾಳೆಂದುಕೊಂಡಿದ್ದೆ. "ಆಡಳಿತದ ಮೇಲಿನ ಅಪನಂಬಿಕೆ" ಎಂಬಲ್ಲಿ ತಡೆದಳು.

"ಸರಿಯಾಗೇ ಬರ್ದಿದಾನಲ್ಲೇ. ಎರಡು ವರ್ಷ ನನ್ನ ಅಲೆದಾಡ್ಸಿದ್ದು ಇನ್ಯಾರು?"

ಪತ್ರವನ್ನು ಮತ್ತೆ ಮೊದಲಿನಿಂದ ಓದಿದೆ. ಅಮ್ಮನಿಗೆ ಕಂಡಷ್ಟನ್ನು ಮಾತ್ರ ಬರೆದಿದ್ದೇನೆ ಎಂದುಕೊಂಡಿದ್ದೆ. ಅವಳಿಗೆ ಅಷ್ಟು ಮಾತ್ರ ಏಕೆ ಕಂಡಿತು ಎಂಬುದನ್ನು ತಾವು ಓದಿಬಿಟ್ಟಿದ್ದೀರಿ. ತಪ್ಪಿತಸ್ಥರಿಗಿಂತ ಒಳ್ಳೆಯ ವಿಮರ್ಶಕರು ಎಲ್ಲಿ ಸಿಗುತ್ತಾರೆ?

ಆದ್ದರಿಂದ ತಮ್ಮ ವ್ಯಾಖ್ಯಾನದ ಬಗ್ಗೆ ನನ್ನ ತಕರಾರಿಲ್ಲ. ಬೇಡಿಕೆ ಒಂದೇ. ಚಿತ್ರವನ್ನು ಅದೇ ಗೋಡೆಗೆ ಹಾಕಿ. ಪಕ್ಕದಲ್ಲಿ ಆ ನಾಲ್ಕು ಪುಟಗಳನ್ನು ತಮ್ಮ ಸಹಿ, ಮೊಹರಿನ ಸಮೇತ ಅಂಟಿಸಿ. ಜನ ಓದಿ ತಿಳಿದುಕೊಳ್ಳಲಿ.

ಇಂತಿ,
ತನ್ನ ಚಿತ್ರದ ಅರ್ಥ ತನಗೇ ತಡವಾಗಿ ತಿಳಿದ
ಒಬ್ಬ ಹೊಲಿಗೆಯವಳು