ಸೇವಂತಿಯ ಮಾತು ಯಾರಿಗೆ ಅರ್ಥವಾಗಲಿಲ್ಲ?

ಮಾನ್ಯ ವಿದ್ಯಾಧಿಕಾರಿಗಳೇ,

ನಮ್ಮೂರ ಶಾಲೆಯಿಂದ ಶಂಕರಿ ಟೀಚರನ್ನು ನೆಲ್ಯಾಡಿಗೆ ವರ್ಗ ಮಾಡಿದ್ದು ಏಕೆ? ‘ಆಡಳಿತದ ಕಾರಣ’ ಎನ್ನುತ್ತದೆ ತಮ್ಮ ಕಚೇರಿ. ಆ ಕಾರಣಕ್ಕೆ ಮುಖವಿದ್ದರೆ ಊರಿಗೊಮ್ಮೆ ತೋರಿಸಿ ಎಂದು ಕೇಳುವುದಕ್ಕೇ ಇದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ತಮಗೆ ನೇರವಾಗಿ ಬರೆದ ಅರ್ಜಿಗಳು ಹೋಗಿ ಸೇರುವ ಜಾಗ ಯಾವುದೆಂದು ನನಗೆ ಗೊತ್ತಾಗಲಿಲ್ಲ.

ನಾನು ಸುಳ್ಯದ ಕಡೆಯ ಕೃಷಿಕ. ನಮ್ಮ ಮನೆಮಾತು ಅರೆಭಾಷೆ, ಕನ್ನಡಕ್ಕೆ ತೀರ ಹತ್ತಿರದ ನುಡಿ. ತುಳು ಆಡುವ ಮಗು ಶಾಲೆಗೆ ಬಂದರೆ ಅದಕ್ಕೆ ಕನ್ನಡ ಕಲಿಸಬೇಕೆಂದು ಮಾಸ್ತರರಿಗೆ ತಿಳಿಯುತ್ತದೆ. ನಮ್ಮ ಮಕ್ಕಳು ಬಾಯಿ ತೆರೆದರೆ ಕನ್ನಡವನ್ನೇ ಕೆಡಿಸುತ್ತಿರುವಂತೆ ಅವರಿಗೆ ಕೇಳಿಸುತ್ತದೆ. ಕಲಿಸುವ ಬದಲು ತಿದ್ದಲು ಹೊರಡುತ್ತಾರೆ. ಶಂಕರಿ ಟೀಚರು ರಾಮಕುಂಜದ ಕಡೆಯವರು, ಅವರ ಮನೆಮಾತು ಬೇರೆ. ಆದರೂ ನಮ್ಮದನ್ನು ಕಲಿತರು. ಶನಿವಾರಗಳಂದು ತಾಯಂದಿರನ್ನು ತರಗತಿಗೆ ಕರೆದರು. ನನ್ನ ಹೆಂಡತಿ ದೇವಮ್ಮ ಅರೆಭಾಷೆಯಲ್ಲಿ ಒಂದು ಕಥೆ ಹೇಳಿದರೆ, ಟೀಚರು ಅದನ್ನೇ ಕನ್ನಡದಲ್ಲಿ ಹೇಳುವರು. ಒಂದನೇ ತರಗತಿಯ ನನ್ನ ಮಗಳು ಸೇವಂತಿ ಎರಡನ್ನೂ ಮನೆಗೆ ಬಂದು ಅಜ್ಜಿಗೆ ಒಪ್ಪಿಸುತ್ತಿದ್ದಳು.

ಅಂಥದೊಂದು ಶನಿವಾರ ತಮ್ಮ ಇನ್ಸ್‌ಪೆಕ್ಟರು ಬಂದರು. ಬೆಂಚಿನಲ್ಲಿ ಹೆಂಗಸರನ್ನು ಕಂಡು, “ಇದು ಶಾಲೆಯೋ, ಮದುವೆಮನೆಯೋ?” ಎಂದರು. ಮಳೆಗಾಲ ಮುಗಿಯುವ ಮೊದಲೇ ಟೀಚರಿಗೆ ವರ್ಗ. ಅವರ ಜಾಗಕ್ಕೆ ಬಂದ ಮಾಸ್ತರರು ತಮ್ಮ ಕಚೇರಿಯ ಗುಮಾಸ್ತರ ಭಾವ ಎಂದು ಊರಿನ ಮಾತು. ನಾನು ನಂಬಲಿಲ್ಲ. ಆದರೆ ಅಲ್ಲವೆನ್ನುವವರು ಒಬ್ಬರೂ ಸಿಕ್ಕಿಲ್ಲವಲ್ಲ, ಏಕಿರಬಹುದು?

ಒಂದು ದಿನ ಸೇವಂತಿ ತರಗತಿಯಲ್ಲಿ ಎದ್ದು, “ನಂಗೆ ಹೊರಗೆ ಹೋಕು” ಎಂದಳು.

“ಹೋಕು ಅಲ್ಲ, ಹೋಗಬೇಕು ಅಂತ ಹೇಳು” ಎಂದರು ಹೊಸ ಮಾಸ್ತರರು.

ಹೆದರಿದ ಮಗುವಿನ ಬಾಯಲ್ಲಿ ಮತ್ತೆ ‘ಹೋಕು’ ಎಂದೇ ಬಂತು. ಅವರು ಬಿಡಲಿಲ್ಲ. ಎಲ್ಲರೆದುರು ನಿಂತಲ್ಲೇ ಅವಳ ಲಂಗ ಒದ್ದೆಯಾಯಿತು. ತಿದ್ದಬೇಕಿದ್ದರೆ ಮೊದಲು ಅರ್ಥವಾಗಿರಲೇಬೇಕಲ್ಲವೇ? ಅರ್ಥವಾದ ಮೇಲೂ ತಡೆದು ನಿಲ್ಲಿಸಿದ್ದು ಯಾವ ವಿದ್ಯೆ?

ಮರುದಿನ ಅವಳು ಬೆಳಗಿನ ಗಂಜಿ ಮುಟ್ಟಲಿಲ್ಲ. “ಕುಡ್ದರೆ ಹೊರಗೆ ಹೋಕು, ಬೇಡ” ಎಂದು ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿದಳು.

ನಾನು ಶಾಲೆಗೆ ಹೋದೆ.

“ನಾನೆಂತ ಮಾಡುದು ಮಾರಾಯ್ರೆ? ಮಕ್ಕಳು ಮನೆಮಾತು ಆಡಬಾರದೂಂತ ಮೇಲಿಂದ ಆಜ್ಞೆ ಉಂಟು” ಎಂದರು ಮಾಸ್ತರರು.

“ಯಾರ ಆಜ್ಞೆ?” ಎಂದು ಕೇಳಿದೆ.

“ಅದೆಲ್ಲ ಕೇಳ್ಲಿಕ್ಕೆ ಹೋಗ್ಬೇಡಿ. ನಿಮ್ಮ ಮಗಳಿಗೇ ಒಳ್ಳೇದಲ್ಲ.”

ಈ ಕೊನೆಯ ಮಾತು ಬುದ್ಧಿವಾದವೋ ಬೆದರಿಕೆಯೋ, ತಾವೇ ಹೇಳಬೇಕು. ಕೆಲವೇ ವರ್ಷಗಳ ಹಿಂದೆ ಕನ್ನಡನಾಡು ಒಂದಾದಾಗ ಸುಳ್ಯದ ಪೇಟೆಯಲ್ಲಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆ ನಾಡಿನಲ್ಲಿ ನನ್ನ ಮಗಳ ಬಾಯಿಗೆ ಜಾಗವಿಲ್ಲವೆಂದು ಆಗ ಯಾರೂ ಹೇಳಿರಲಿಲ್ಲ.

ಈಗ ದೇವಮ್ಮ ದಿನವೂ ಮಗಳೊಡನೆ ಹೋಗಿ ಶಾಲೆಯ ಜಗಲಿಯಲ್ಲಿ ಕೂರುತ್ತಾಳೆ, ಮಗಳು ಎದ್ದರೆ ತಾನೇ ಹೊರಗೆ ಕರೆದೊಯ್ಯುತ್ತಾಳೆ. ಕಳೆದ ವಾರದಿಂದ ಇನ್ನೂ ಕೆಲವು ತಾಯಂದಿರು ಸೇರಿದ್ದಾರೆ. ಮಾಸ್ತರರು ಎಬ್ಬಿಸಲು ನೋಡಿದರು, ಯಾರೂ ಏಳಲಿಲ್ಲ. ಸೇವಂತಿ ಮತ್ತೆ ಗಂಜಿ ಕುಡಿಯತೊಡಗಿದ್ದಾಳೆ.

ಆ ಆಜ್ಞೆ ತಮ್ಮದಾದರೆ ತಮ್ಮ ಸಹಿಯೊಡನೆ ಇದೇ ಪತ್ರಿಕೆಯಲ್ಲಿ ಹಾಕಿಸಿ. ತಮ್ಮದಲ್ಲದಿದ್ದರೆ, ತಮ್ಮ ಕುರ್ಚಿಯಲ್ಲಿ ಕೂತು ಆಜ್ಞೆ ಕೊಡುತ್ತಿರುವವರು ಯಾರೆಂದು ಹುಡುಕಿ. ಏನೇ ಇರಲಿ, ಶಂಕರಿ ಟೀಚರನ್ನು ನಮಗೆ ಹಿಂದಿರುಗಿಸಿ. ಅಲ್ಲಿಯವರೆಗೆ ನಮ್ಮ ಹೆಂಗಸರು ಜಗಲಿ ಬಿಟ್ಟು ಏಳುವುದಿಲ್ಲ.

ಇಂತಿ,
ಉತ್ತರದ ನಂಬಿಕೆಯಿಲ್ಲದೆಯೂ ಅಂಚೆಯವನ ದಾರಿ ಕಾಯುವ
ಬೆಳ್ಯಪ್ಪ